70 ಸಾವಿರ ಜನರ ನಗರಸಭೆ: ಹಸಿಕಸ, ಒಣಕಸ ಘಟಕಕ್ಕೆ ಅನುದಾನ ಕೇಳುವ ಡಿಪಿಆರ್ (ವಿವರವಾದ ಯೋಜನಾ ವರದಿ) ಹೇಗಿರಬೇಕು?

ಪರಿಸರ ವಿಭಾಗ · 5 ಆಗಸ್ಟ್ 2024

ಸ್ವಚ್ಛ ಭಾರತ ಮಿಷನ್ (ನಗರ) 2.0 ಅಡಿ ಹಸಿಕಸಕ್ಕೆ ಕಾಂಪೋಸ್ಟ್ ಘಟಕ, ಒಣಕಸಕ್ಕೆ ವಿಂಗಡಣಾ ಕೇಂದ್ರ ಕೇಳುವುದಿದೆ. ಜನಸಂಖ್ಯೆ 70,000. ಊರಿನಿಂದ 6 ಕಿ.ಮೀ. ದೂರದಲ್ಲಿ 4 ಎಕರೆ ಜಾಗ ಇದೆ. ಸಲಹೆಗಾರರು ಕೊಟ್ಟ ಕರಡು ಡಿಪಿಆರ್‌ನಲ್ಲಿ ದಿನಕ್ಕೆ 35 ಟನ್ ಕಸ ಎಂದು ಹಿಡಿದು 20 ಟನ್ನಿನ ಕಾಂಪೋಸ್ಟ್ ಘಟಕ, ಕಸ ಬಿಡಿಸಲು 10 ಟನ್ನಿನ ಕನ್ವೇಯರ್ (ಚಲಿಸುವ ಪಟ್ಟಿ), ಒಣಕಸ ಒತ್ತಿ ಮೂಟೆ ಕಟ್ಟುವ ಬೇಲಿಂಗ್ ಯಂತ್ರ, 5 ಟನ್ನಿನ ಬಯೋಗ್ಯಾಸ್ ಸ್ಥಾವರ ಸೇರಿಸಿ 11 ಕೋಟಿ ತೋರಿಸಿದ್ದಾರೆ. ಗಾಡಿ ಸಮೇತ ತೂಗುವ ವೇಬ್ರಿಡ್ಜ್ ಇಲ್ಲ. ಹೋಟೆಲ್, ಛತ್ರ, ಸಂತೆಯ ಕಸ ಮನೆಗಳ ಕಸದ ಜೊತೆಗೇ ಬರುತ್ತದೆ. ಕರಡನ್ನು ಹೀಗೇ ಕಳಿಸಬಹುದೆ? ಎಲ್ಲೆಲ್ಲಿ ತಿದ್ದಬೇಕು?

ತೂಕದ ಚೀಟಿ · 5 ಆಗಸ್ಟ್

ಕಳಿಸಬೇಡಿ. 35 ಟನ್ ಅಂದರೆ ತಲೆಗೆ 500 ಗ್ರಾಂ. ಅದು ಹತ್ತು ಲಕ್ಷ ದಾಟಿದ ನಗರಗಳ ಲೆಕ್ಕ. ಕೇಂದ್ರದ 2016ರ ಘನತ್ಯಾಜ್ಯ ಕೈಪಿಡಿಯಲ್ಲಿ ಎರಡು ಲಕ್ಷದೊಳಗಿನ ಊರಿಗೆ ತಲೆಗೆ 200ರಿಂದ 300 ಗ್ರಾಂ ಎಂದಿದೆ. ನಿಮ್ಮ ಊರಿಗೆ 14ರಿಂದ 21 ಟನ್ ಆಯಿತು. 250 ಗ್ರಾಂ ಹಿಡಿದರೆ 17.5 ಟನ್, ಕರಡಿನ ಅರ್ಧ. ತಾಂತ್ರಿಕ ಸಮಿತಿ ಮೊದಲು ಕೇಳುವ ಪ್ರಶ್ನೆಯೇ ಇದು.

ಕೈಪಿಡಿಯ ಅಂಕಿಯನ್ನು ನೇರವಾಗಿ ಎತ್ತಿ ಹಾಕಿದರೂ ಸಾಲದು, ತೂಗಿ ತೋರಿಸಬೇಕು. ಎಪಿಎಂಸಿ ಯಾರ್ಡಿನದೋ ಹತ್ತಿರದ ಗಿರಣಿಯದೋ ವೇಬ್ರಿಡ್ಜ್ ಸಾಕು. ಅದರ ಮೇಲೆ ಕಾನೂನು ಮಾಪನ ಇಲಾಖೆಯ ಚಾಲ್ತಿ ಮುದ್ರೆ ಇರಲಿ. ಸತತ ಏಳು ದಿನ ಪ್ರತಿ ಆಟೋ ಟಿಪ್ಪರ್, ಟ್ರ್ಯಾಕ್ಟರ್ ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗಿಸಿ. ಖಾಲಿ ತೂಕವನ್ನು ಆರ್‌ಸಿ ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಡಬ್ಬ ಕಟ್ಟಿಸಿದ ಗಾಡಿಗೂ ಪುಸ್ತಕದ ಅಂಕಿಗೂ ತಾಳೆಯಾಗುವುದಿಲ್ಲ. ಏಳು ದಿನದೊಳಗೆ ಸಂತೆಯ ದಿನ ಬಂದಿರಬೇಕು.

ಚರಂಡಿ ಹೂಳು, ಕಟ್ಟಡದ ಅವಶೇಷ ಹೊತ್ತ ಗಾಡಿಗೆ ಬೇರೆ ಪಟ್ಟಿ. ಒಂದು ಟ್ರ್ಯಾಕ್ಟರ್ ಹೂಳು ಹತ್ತು ಟಿಪ್ಪರ್ ಮನೆಕಸದ ಲೆಕ್ಕವನ್ನೇ ಕೆಡಿಸುತ್ತದೆ. ಕರಡಿನ 35 ಟನ್ನಿನಲ್ಲಿ ಇದೂ ಸೇರಿಕೊಂಡಿರಬಹುದು, ನೋಡಿ.

ಸಂಯೋಜನೆ ತಿಳಿಯಲು ಬೇರೆ ಬೇರೆ ವಾರ್ಡಿನ ಗಾಡಿಗಳಿಂದ ಹತ್ತತ್ತು ಕಿಲೋ ತೆಗೆದು 100 ಕಿಲೋ ಗುಡ್ಡೆ ಮಾಡಿ, ಚೆನ್ನಾಗಿ ಕಲಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಡಿ. 50 ಉಳಿಯಿತು. ಹಾಗೆಯೇ 25, ಆಮೇಲೆ 12.5. ಆ 12.5 ಕಿಲೋವನ್ನು ಟಾರ್ಪಾಲಿನ ಮೇಲೆ ಹರಡಿ ಕೈಯಿಂದ ಬಿಡಿಸಿ ತೂಗಿ. ಮಳೆ ನಿಂತ ಹೊತ್ತಿನಲ್ಲಿ ಮಾಡಿ. ನೆನೆದ ರಟ್ಟು ಒಣಕಸದ ತೂಕವನ್ನು ಏರಿಸಿಬಿಡುತ್ತದೆ.

ಈಗೊಮ್ಮೆ, ಅಕ್ಟೋಬರ್‌ನಲ್ಲಿ ಆಯುಧ ಪೂಜೆಯ ವಾರ ಇನ್ನೊಮ್ಮೆ. ಹಬ್ಬದ ವಾರದ್ದನ್ನು ಸರಾಸರಿಗೆ ಸೇರಿಸದೆ ‘ಗರಿಷ್ಠ ದಿನ’ ಎಂದು ಬೇರೆಯಾಗಿ ತೋರಿಸಿ.

ಲೆಕ್ಕ ಶಾಖೆ · 6 ಆಗಸ್ಟ್

ಅಂಕಿ ಹಿಗ್ಗಿಸಿದರೆ ಅನುದಾನ ಹೆಚ್ಚು ಬರುತ್ತದೆ ಎಂಬ ಎಣಿಕೆ ತಿರುಗಿ ಹೊಡೆಯುತ್ತದೆ. ಒಂದು ಲಕ್ಷದೊಳಗಿನ ಊರಿಗೆ ಕೇಂದ್ರದ ಪಾಲು ಶೇ. 50. ಒಂದರಿಂದ ಹತ್ತು ಲಕ್ಷಕ್ಕೆ ಶೇ. 33, ಅದರ ಮೇಲೆ ಶೇ. 25. ನಿಮ್ಮ 11 ಕೋಟಿಯಲ್ಲಿ 5.5 ಕೋಟಿಯನ್ನು ರಾಜ್ಯ ಮತ್ತು ನಗರಸಭೆ ಹೊಂದಿಸಬೇಕು. ನಿಮ್ಮ ಪಾಲು ಕಟ್ಟಲಾಗದಿದ್ದರೆ ಕೆಲಸ ಅಡಿಪಾಯದಲ್ಲೇ ನಿಲ್ಲುತ್ತದೆ.

ಜಾಗ ಕೊಳ್ಳುವುದಕ್ಕೆ, ದಿನನಿತ್ಯದ ನಿರ್ವಹಣೆಗೆ ಮಿಷನ್ ಹಣ ಇಲ್ಲ. ನಿಮ್ಮ ಕೈಯಲ್ಲಿರುವ ಇನ್ನೊಂದು ದಾರಿ 15ನೇ ಹಣಕಾಸು ಆಯೋಗದ (2021–26) ಅನುದಾನ. ಹತ್ತು ಲಕ್ಷದೊಳಗಿನ ಊರುಗಳಿಗೆ ಬರುವುದರಲ್ಲಿ ಶೇ. 40 ಮುಕ್ತ, ಶೇ. 60 ನಿರ್ಬಂಧಿತ. ಆ 60ರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದಕ್ಕೂ ಹಿಂದಿನ ವರ್ಷದ ಲೆಕ್ಕಪರಿಶೋಧಿತ ವರದಿ ಆನ್‌ಲೈನ್‌ನಲ್ಲಿ ಇರಬೇಕು. ಆಸ್ತಿ ತೆರಿಗೆಯ ಕನಿಷ್ಠ ದರ ಅಧಿಸೂಚನೆಯಾಗಿರಬೇಕು, ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಗೆ ತಕ್ಕಂತೆ ಏರುತ್ತಿರಬೇಕು. ಇವು ತಪ್ಪಿದರೆ ಕಸದ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಹಣ ಬಾರದು.

ಒಂದೇ ವಸ್ತು ಎರಡೂ ಕಡೆ ಕಾಣಿಸದಂತೆ ನೋಡಿಕೊಳ್ಳಿ. ಟ್ರಾಮೆಲ್ ಜರಡಿ (ತಿರುಗುವ ಉರುಳೆ ಜರಡಿ) ಮಿಷನ್ ಪಟ್ಟಿಯಲ್ಲಿದ್ದರೆ ಹಣಕಾಸು ಆಯೋಗದ ಕ್ರಿಯಾಯೋಜನೆಯಿಂದ ಅದನ್ನು ತೆಗೆದು ಕೌನ್ಸಿಲ್ ನಿರ್ಣಯದಲ್ಲೂ ತಿದ್ದಿಸಿ. ಆಡಿಟ್ ಆಕ್ಷೇಪಣೆ ಹೆಚ್ಚಾಗಿ ಏಳುವುದೇ ಇಲ್ಲಿ.

ಗೊಬ್ಬರದ ಅಂಗಳ · 7 ಆಗಸ್ಟ್

17.5 ಟನ್ನಿನಲ್ಲಿ ಹಸಿಕಸ ಶೇ. 55ರಷ್ಟು ಎಂದರೆ 9.6 ಟನ್. ಸಲೀಸಾಗಲಿ ಎಂದು 10 ಟನ್ ಹಿಡಿದು ಅಂಗಳ ಎಷ್ಟು ಬೇಕೆಂದು ನೋಡೋಣ. ಕರಡಿನಲ್ಲಿ ಈ ಲೆಕ್ಕ ಇಲ್ಲವೆಂದರೆ ಉಳಿದ ನಕ್ಷೆಗೆ ಆಧಾರವೇ ಇಲ್ಲ.

ಹಸಿಕಸ ಘನಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. 10 ಟನ್ ಅಂದರೆ 20 ಘನಮೀಟರ್. ರಾಶಿಯ ಬುಡ 3 ಮೀ., ತಲೆ 1 ಮೀ., ಎತ್ತರ 1.5 ಮೀ. ಇಟ್ಟರೆ ಅಡ್ಡಕೊಯ್ತ 3 ಚದರ ಮೀಟರ್. ಹಾಗಾಗಿ ಒಂದು ದಿನದ ರಾಶಿ 6.7 ಮೀ. ಉದ್ದ ಬರುತ್ತದೆ. ಲೋಡರ್ ಓಡಾಡಲು ಪಕ್ಕದಲ್ಲಿ 3 ಮೀ. ಬಿಟ್ಟರೆ ದಿನಕ್ಕೆ 40 ಚದರ ಮೀಟರ್. ರಾಶಿ ಕೊಳೆಯುವ 28 ದಿನಕ್ಕೆ 1,120. ಆಮೇಲೆ ಮಾಗಲು ಬಿಡುವುದಕ್ಕೆ ಒಂದು 300. ಒಟ್ಟು ಸುಮಾರು 1,400 ಚದರ ಮೀಟರ್ ಕಾಂಕ್ರೀಟ್ ಅಂಗಳ. ಜರಡಿ, ಚೀಲದ ಗೋದಾಮು ಇದರಲ್ಲಿ ಸೇರಿಲ್ಲ. 4 ಎಕರೆಯಲ್ಲಿ ಆರಾಮಾಗಿ ಕೂರುತ್ತದೆ.

ಖರ್ಚು ಇಳಿಸುವ ನೆಪದಲ್ಲಿ ಚಾವಣಿಯನ್ನು ಬಿಡಬೇಡಿ. ಒಂದು ಮಿ.ಮೀ. ಮಳೆ ಒಂದು ಚದರ ಮೀಟರಿಗೆ ಒಂದು ಲೀಟರ್. ಬಯಲು ಅಂಗಳದ ಮೇಲೆ 50 ಮಿ.ಮೀ. ಮಳೆ ಬಿದ್ದರೆ 70,000 ಲೀಟರ್ ಕೊಳೆನೀರು ಒಂದೇ ದಿನ. ಅದನ್ನು ಹಿಡಿಯುವ ತೊಟ್ಟಿಯ ಖರ್ಚನ್ನು ಶೀಟಿನ ಖರ್ಚಿನ ಪಕ್ಕ ಇಟ್ಟು ನೋಡಿ. ಚಾವಣಿ ಇದ್ದರೆ ರಾಶಿಯಿಂದ ಸೋರುವುದಕ್ಕೆ ಮಾತ್ರ ತೊಟ್ಟಿ ಸಾಕು. ಆ ನೀರನ್ನು ಒಣಗಿದ ಹಳೆ ರಾಶಿಗೇ ಹಾಕಬಹುದು, ಮಾಗಿದ ಗೊಬ್ಬರಕ್ಕೆ ಮಾತ್ರ ಬೇಡ. ಚಾವಣಿಯ ಸೂರು ನೆಲದಿಂದ ಕನಿಷ್ಠ 5 ಮೀ. ಇರಲಿ, ಇಲ್ಲದಿದ್ದರೆ ಲೋಡರ್ ಬಕೆಟ್ ಎತ್ತಿದಾಗ ತಗಲುತ್ತದೆ. ನೆಲಕ್ಕೆ ನೂರಕ್ಕೆ ಒಂದೆರಡರಷ್ಟು ಇಳಿಜಾರು, ಚರಂಡಿ ರಾಶಿಗಳ ಉದ್ದಕ್ಕೆ ಸಮಾಂತರ. ಅಡ್ಡಲಾಗಿ ಬಂದರೆ ರಾಶಿಯೇ ಅಣೆಕಟ್ಟಾಗಿ ಬುಡ ಕೊಳೆಯುತ್ತದೆ.

ಮಲೆನಾಡ ಹೆಲ್ತ್ ಇನ್ಸ್‌ಪೆಕ್ಟರ್ · 7 ಆಗಸ್ಟ್

ಚಾವಣಿಯ ಮಾತಿಗೆ ನನ್ನ ಸಹಮತ ಇದೆ. ಒಂದು ಸೇರಿಸುತ್ತೇನೆ: ಗಾಳಿಮಳೆ ಹೊಡೆಯುವ ದಿಕ್ಕಿನಲ್ಲಿ, ನಮ್ಮ ಕಡೆ ನೈರುತ್ಯ, ಒಂದೂವರೆ ಮೀಟರ್ ಗೋಡೆ ಕಟ್ಟಿ ಅದರ ಮೇಲೆ ಶೀಟು ಇಳಿಬಿಡಿ. ಇಲ್ಲದಿದ್ದರೆ ಮೊದಲ ಎರಡು ಸಾಲು ರಾಶಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಯೇ ಏರುವುದಿಲ್ಲ.

ಗೊಬ್ಬರದ ಅಂಗಳ · 8 ಆಗಸ್ಟ್

ಬಿಸಿ ಏರದಿರುವುದಕ್ಕೆ ಮುಖ್ಯ ಕಾರಣ ತೇವ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಾಸನೆಯ ದೂರು, ಗ್ರಾಮಸ್ಥರ ಪ್ರತಿಭಟನೆ, ಘಟಕ ಮುಚ್ಚುವುದು, ಎಲ್ಲವೂ ಇಲ್ಲಿಂದಲೇ ಶುರು.

ಸೊಪ್ಪು, ತರಕಾರಿ, ಅನ್ನ ತುಂಬಿದ ಹಸಿಕಸದಲ್ಲಿ ಶೇ. 75ರಷ್ಟು ನೀರೇ. ರಾಶಿಗೆ ಬೇಕಾದದ್ದು 50ರಿಂದ 60. ಒಣ ಎಲೆಯಲ್ಲಿ ಶೇ. 15 ತೇವ ಎಂದುಕೊಂಡರೆ 10 ಟನ್ ಕಸವನ್ನು 60ಕ್ಕೆ ಇಳಿಸಲು 3.3 ಟನ್ ಒಣ ಎಲೆ ಬೇಕು. ದಿನಾ ಅಷ್ಟು ಎಲೆ ಯಾವ ಊರಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಮೂರು ಉಪಾಯ ಸೇರಬೇಕು. ಬೀದಿ ಗುಡಿಸಿದ ಎಲೆಯನ್ನು ಸುಡದೆ, ಮಣ್ಣು ಜಾಡಿಸಿ, ಬೇಸಿಗೆಯಲ್ಲೇ ಶೇಖರಿಸಲು ಮುಚ್ಚಿದ ಜಾಗ. ಜರಡಿಯ ಮೇಲೆ ಉಳಿಯುವ ಕಡ್ಡಿ, ಸಿಪ್ಪೆ, ನಾರನ್ನು ಎಸೆಯದೆ ಹೊಸ ರಾಶಿಗೆ ಕಲಸುವುದು. ಮೂರನೆಯದು, ಮೊದಲ ಹತ್ತು ದಿನ ವಾರಕ್ಕೊಮ್ಮೆ ಅಲ್ಲ, ಮೂರು ದಿನಕ್ಕೊಮ್ಮೆ ಮಗುಚುವುದು, ನೀರು ಆವಿಯಾಗಲೆಂದು. ಇದಕ್ಕೆ ಲೋಡರ್ ಸಮಯ ಬೇಕು, ಡೀಸೆಲ್ ಬೇಕು, ಇದು ನಿರ್ವಹಣೆಯ ಲೆಕ್ಕಕ್ಕೆ ಹೋಗಲಿ.

ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಹೆಚ್ಚು, ಬೆರಳು ಬಿಟ್ಟಾಗ ಉದುರಿದರೆ ಕಡಿಮೆ. ಕೊಳೆತ ಮೊಟ್ಟೆಯ ವಾಸನೆ ಎಂದರೆ ಗಾಳಿ ಇಲ್ಲ, ಮಗುಚಿ. ಮೂಗಿಗೆ ಚುಚ್ಚುವ ಅಮೋನಿಯ ಎಂದರೆ ಸಾರಜನಕ ಜಾಸ್ತಿ, ಒಣ ಎಲೆ ಸೇರಿಸಿ. ಒಂದು ಮೀಟರ್ ಉದ್ದದ ಥರ್ಮಾಮೀಟರ್ ಇಟ್ಟುಕೊಂಡು ರಾಶಿಯ ಹೊಟ್ಟೆಯಲ್ಲಿ ನೋಡಿ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣು, ಕಳೆಬೀಜ ಸಾಯುತ್ತವೆ. 70 ಮುಟ್ಟಿದರೆ ಒಳ್ಳೆಯ ಸೂಕ್ಷ್ಮಾಣುಗಳೂ ಸಾಯುತ್ತವೆ, ಆಗಲೂ ಮಗುಚಬೇಕು. ಥರ್ಮಾಮೀಟರಿನ ಬೆಲೆ ತೀರಾ ಕಡಿಮೆ, ಆದರೂ ಡಿಪಿಆರ್‌ಗಳಲ್ಲಿ ಅದನ್ನು ಬರೆಯುವವರು ಕಡಿಮೆ.

ವಾರ್ಡ್ ಸಮಿತಿ · 9 ಆಗಸ್ಟ್

ಕಾಂಪೋಸ್ಟ್ ಬದಲು ಇಂದೋರಿನ ಹಾಗೆ ಬಯೋ ಸಿಎನ್‌ಜಿ (ಹಸಿಕಸದಿಂದ ತೆಗೆದು ಶುದ್ಧಿ ಮಾಡಿ ಒತ್ತಿದ ಗ್ಯಾಸ್) ಕೇಳಬಾರದೇಕೆ? ಗ್ಯಾಸ್ ಮಾರಿದರೆ ಆದಾಯವೂ ಬರುತ್ತದಲ್ಲ?

ಬಯೋಗ್ಯಾಸ್ ಕೆಲಸ · 9 ಆಗಸ್ಟ್

ಇಂದೋರಿನದು 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ 550 ಟನ್ನಿನ ಸ್ಥಾವರ, ದಿನಕ್ಕೆ ಸುಮಾರು 17,000 ಕಿಲೋ ಗ್ಯಾಸ್ ಅದರ ಗುರಿ. ಅದೇ ಪ್ರಮಾಣದಲ್ಲಿ ನಿಮ್ಮ 10 ಟನ್ನಿಗೆ 310 ಕಿಲೋ. ಆದರೆ ಗ್ಯಾಸ್ ಶುದ್ಧಿ ಮಾಡಿ, ಒತ್ತಿ ಸಿಲಿಂಡರಿಗೆ ತುಂಬುವ ಯಂತ್ರಗಳ ಬೆಲೆ ಟನ್ನಿನ ಜೊತೆ ಅದೇ ಅನುಪಾತದಲ್ಲಿ ಇಳಿಯುವುದಿಲ್ಲ. ನುರಿತ ಆಪರೇಟರ್ ಮೂರು ಪಾಳಿಗೂ ಬೇಕು. ಅದಕ್ಕಿಂತ ದೊಡ್ಡ ಸಂಗತಿ, ಇಂದೋರಿನಲ್ಲಿ ಸ್ಥಾವರಕ್ಕಿಂತ ಮುಂಚೆ ಮನೆಬಾಗಿಲಲ್ಲಿ ಬೇರ್ಪಡಿಸುವುದು ನೆಲೆಯೂರಿತ್ತು.

ನಿಮ್ಮ ಊರಿಗೆ ಸರಿಹೊಂದುವುದು ಹೋಟೆಲ್, ಛತ್ರ, ಹಾಸ್ಟೆಲ್‌ಗಳ ಅಡುಗೆ ಕಸಕ್ಕಷ್ಟೇ ಒಂದೆರಡು ಟನ್ನಿನ ಬಯೋಗ್ಯಾಸ್. ಒಳ್ಳೆಯ ಅಡುಗೆ ಕಸ ಒಂದು ಟನ್ನಿಗೆ ಸುಮಾರು 100 ಘನಮೀಟರ್ ಗ್ಯಾಸ್ ಕೊಡುತ್ತದೆ. ಎರಡು ಟನ್ನಿಗೆ 200. ಜನರೇಟರಿಗೆ ಕೊಟ್ಟರೆ ಘನಮೀಟರಿಗೆ ಒಂದೂವರೆ ಯೂನಿಟ್‌ನಂತೆ 300 ಯೂನಿಟ್ ವಿದ್ಯುತ್. ಹತ್ತಿರದಲ್ಲೇ ದೊಡ್ಡ ಅಡುಗೆಮನೆ ಇದ್ದರೆ ನೇರ ಒಲೆಗೆ ಕೊಡುವುದು ಇನ್ನೂ ಮೇಲು. ಗ್ಯಾಸ್ ಬಳಸುವವರು ಯಾರೆಂದು ಒಪ್ಪಂದಪತ್ರದ ಸಮೇತ ತೋರಿಸದೆ ಬಯೋಗ್ಯಾಸ್ ಕೇಳಬೇಡಿ.

ಕೆಡುವುದು ಹೀಗೆ: ಪ್ಲಾಸ್ಟಿಕ್ ಕವರ್ ಪಂಪಿಗೆ ಸುತ್ತಿಕೊಳ್ಳುತ್ತದೆ. ಮೂಳೆ, ಚಮಚ ರುಬ್ಬುವ ಯಂತ್ರದ ಅಲಗು ಮುರಿಯುತ್ತವೆ. ಮದುವೆ ಸೀಸನ್ನಿನಲ್ಲಿ ಅನ್ನ, ಸಿಹಿ ಒಮ್ಮೆಲೇ ಹೆಚ್ಚು ಹಾಕಿದರೆ ಒಳಗೆ ಹುಳಿ ಬಂದು ಪಿಎಚ್ 6.5ಕ್ಕಿಂತ ಕೆಳಗಿಳಿಯುತ್ತದೆ, ಗ್ಯಾಸ್ ನಿಲ್ಲುತ್ತದೆ. ಆಗ ಹಾಕುವುದನ್ನು ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಕೊಟ್ಟು, ಸಗಣಿ ನೀರು ಸೇರಿಸಿ ಕಾಯಬೇಕು. ಶುರುವಿನಲ್ಲೂ ಅಷ್ಟೇ: ಸಗಣಿ ಬಗ್ಗಡ ತುಂಬಿ, ಗ್ಯಾಸ್ ಉರಿಯತೊಡಗಿದ ಮೇಲೆ ಅಡುಗೆ ಕಸವನ್ನು ವಾರವಾರಕ್ಕೆ ಏರಿಸುತ್ತ ಹೋಗಬೇಕು. ಉದ್ಘಾಟನೆಯ ದಿನವೇ ಎರಡು ಟನ್ ಸುರಿದ ಸ್ಥಾವರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಒಣಕಸ ಕೇಂದ್ರ · 11 ಆಗಸ್ಟ್

ಒಣಕಸದಲ್ಲಿ ತೂಕಕ್ಕಿಂತ ಜಾಗದ ಲೆಕ್ಕ ಮುಖ್ಯ. ಶೇ. 30 ಎಂದರೆ 5.25 ಟನ್. ಸಡಿಲವಾಗಿ ಘನಮೀಟರಿಗೆ 80 ಕಿಲೋ ಹಿಡಿದರೂ 65 ಘನಮೀಟರ್. 10 ಟನ್ ಹಸಿಕಸ ಹಿಡಿಸುವುದು 20 ಘನಮೀಟರಿನಲ್ಲಿ. ಟಿಪ್ಪರಿನ ಡಬ್ಬವನ್ನು ಅರ್ಧರ್ಧ ಭಾಗ ಮಾಡಿದರೆ ಒಣಕಸದ ಕಡೆ ಎರಡೇ ಬೀದಿಗೆ ತುಂಬಿ, ಉಳಿದದ್ದನ್ನು ಹಸಿಕಸದ ಮೇಲೆ ಒತ್ತುತ್ತಾರೆ. ಪೌರಕಾರ್ಮಿಕರನ್ನು ದೂರುವ ವಿಷಯ ಅಲ್ಲ ಅದು, ಡಬ್ಬದ ಅಳತೆಯ ತಪ್ಪು. ಹಸಿಕಸ ದಿನಾ, ಒಣಕಸ ವಾರಕ್ಕೆರಡು ಸಲ ಬೇರೆ ಗಾಡಿಯಲ್ಲಿ ಎಂದು ಮಾಡಿದರೆ ಇರುವ ಗಾಡಿಗಳೇ ಸಾಕಾಗಬಹುದು. ಸ್ಯಾನಿಟರಿ ಕಸಕ್ಕೆ ಪಕ್ಕದಲ್ಲಿ ಮುಚ್ಚಳದ ಡಬ್ಬ, ಬ್ಯಾಟರಿ–ಬಲ್ಬಿಗೆ ಇನ್ನೊಂದು ಸಣ್ಣದು. ಮೊಬೈಲ್ ಬ್ಯಾಟರಿ ಬೇಲಿಂಗ್ ಯಂತ್ರದೊಳಗೆ ಜಜ್ಜಿದರೆ ಬೆಂಕಿ ಹತ್ತುತ್ತದೆ.

5 ಟನ್ನಿಗೆ 10 ಟನ್ನಿನ ಕನ್ವೇಯರ್ ಬೇಡ. ಸೊಂಟದ ಎತ್ತರದ ವಿಂಗಡಣಾ ಮೇಜುಗಳು ಸಾಕು. ಒಬ್ಬರು ದಿನಕ್ಕೆ 250 ಕಿಲೋ ಬಿಡಿಸುತ್ತಾರೆಂದು ಇಟ್ಟರೆ 20 ಜನ. ಬೇಲಿಂಗ್ ಯಂತ್ರ ಮಾತ್ರ ಬೇಕೇ ಬೇಕು. ಮಾರಾಟವಾಗದ ಹಲವು ಪದರದ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗಬೇಕು, ನಮ್ಮಲ್ಲಿ ಅವು ಹೆಚ್ಚಾಗಿ ಇರುವುದು ಕಲಬುರಗಿ, ಬಾಗಲಕೋಟೆ ಜಿಲ್ಲೆಗಳಲ್ಲಿ. 36 ಘನಮೀಟರಿನ ಲಾರಿಗೆ ಸಡಿಲ ಪ್ಲಾಸ್ಟಿಕ್ ಘನಮೀಟರಿಗೆ 40 ಕಿಲೋದಂತೆ 1.4 ಟನ್ ಹಿಡಿಸುತ್ತದೆ. ಒತ್ತಿ 300 ಕಿಲೋ ಮಾಡಿದರೆ 10.8 ಟನ್. ಬಾಡಿಗೆ ಎರಡಕ್ಕೂ ಒಂದೇ. ನೆನೆದ ಮಾಲು, ಪಿವಿಸಿ ಸೇರಿದ ಮಾಲನ್ನು ಕಾರ್ಖಾನೆಯವರು ವಾಪಸ್ ಕಳಿಸಬಹುದು. ಪಿವಿಸಿಯ ಕ್ಲೋರಿನ್ ಗೂಡಿಗೆ ಹಾನಿ.

ವಿದ್ಯುತ್ ವಿಷಯ ಕರಡಿನಲ್ಲಿ ಇದೆಯೇ ನೋಡಿ. ಬೇಲರ್ 20 ಎಚ್‌ಪಿ, ಚೂರು ಮಾಡುವ ಯಂತ್ರ 20, ಟ್ರಾಮೆಲ್ 10, ಪಂಪು, ದೀಪ ಇತ್ಯಾದಿ 10 ಎಂದರೂ 60 ಎಚ್‌ಪಿ, ಸುಮಾರು 45 ಕಿಲೋವ್ಯಾಟ್. ಊರಾಚೆ 6 ಕಿ.ಮೀ.ಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿಸಿ ಎಸ್ಕಾಂನಿಂದ ಅಂದಾಜುಪಟ್ಟಿ ಪಡೆದು ಲಗತ್ತಿಸಿ. ಯಂತ್ರ ಬಂದು ವಿದ್ಯುತ್ ಬರದೆ ತುಕ್ಕು ಹಿಡಿಯುವುದು ಈ ಒಂದು ಸಾಲು ಬಿಟ್ಟುಹೋದದ್ದರಿಂದ.

ಮೇಜಿನ ಕೆಲಸಕ್ಕೆ ಊರಿನಲ್ಲಿ ಈಗಾಗಲೇ ಚಿಂದಿ ಆಯುವವರನ್ನೇ ಮೊದಲು ಕರೆಯಿರಿ. ಯಾವ ಬಾಟಲಿಗೆ ಯಾವ ಬೆಲೆ ಎಂಬುದು ಅವರಿಗೆ ಕಣ್ಣಲ್ಲೇ ಗೊತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಅವರನ್ನು ಒಳಗೊಳ್ಳಿ ಎನ್ನುತ್ತವೆ, ಬೆಂಗಳೂರಿನಲ್ಲಿ ಅವರೇ ನಡೆಸುವ ಒಣಕಸ ಕೇಂದ್ರಗಳಿವೆ. ಗುರುತಿನ ಚೀಟಿ, ಕೈಗವಸು, ಬೂಟು, ಧನುರ್ವಾಯು ಚುಚ್ಚುಮದ್ದು, ಹೆಣ್ಣುಮಕ್ಕಳಿಗೆ ಬಾಗಿಲಿರುವ ಶೌಚಾಲಯ. ಇವನ್ನು ‘ಇತರೆ’ಯಲ್ಲಿ ಅಡಗಿಸದೆ ಅಂದಾಜಿನಲ್ಲಿ ಹೆಸರು ಹಿಡಿದು ಬರೆಯಿರಿ.

ಮಲೆನಾಡ ಹೆಲ್ತ್ ಇನ್ಸ್‌ಪೆಕ್ಟರ್ · 12 ಆಗಸ್ಟ್

ಎಳನೀರು ಬುರುಡೆ, ಬಾಳೆ ದಿಂಡು, ಆಯುಧ ಪೂಜೆಯ ಬೂದುಗುಂಬಳ: ಇವಕ್ಕೆ ಬೇರೆ ದಾರಿ ಬೇಕು. ಬುರುಡೆ 28 ದಿನದಲ್ಲಿ ಕೊಳೆಯುವುದಿಲ್ಲ. ಅಂಗಡಿಯವರಿಂದಲೇ ಬೇರೆಯಾಗಿ ತಂದು ಸೀಳಿ ಒಣಗಿಸಿ, ಚೂರು ಮಾಡಿದರೆ ಮೇಲೆ ಹೇಳಿದ ಒಣ ಎಲೆಯ ಕೊರತೆಯನ್ನು ಅದೇ ತುಂಬುತ್ತದೆ. ಬಾಳೆ ದಿಂಡಿನ ನಾರು ಟ್ರಾಮೆಲ್‌ಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಅಡ್ಡಡ್ಡ ಗೇಣುದ್ದ ಕತ್ತರಿಸಿಯೇ ಹಾಕಬೇಕು. ಕೋಳಿ ಅಂಗಡಿ ಕಸವನ್ನು ರಾಶಿಗೆ ಸೇರಿಸಬೇಡಿ. ನಾಯಿ, ಹದ್ದು ಮುತ್ತಿದರೆ ಅಕ್ಕಪಕ್ಕದ ಹಳ್ಳಿಯವರ ವಿರೋಧ ನ್ಯಾಯವೇ.

ಛತ್ರಗಳ ವಿಚಾರ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ ಮೂರು ಕೆಲಸದ ದಿನ ಮುಂಚೆ ನಗರಸಭೆಗೆ ತಿಳಿಸಬೇಕೆಂದು 2016ರ ನಿಯಮದಲ್ಲೇ ಇದೆ. ಛತ್ರದ ಬುಕಿಂಗ್ ಪುಸ್ತಕದ ಪ್ರತಿ ತಿಂಗಳಿಗೊಮ್ಮೆ ತರಿಸಿಕೊಂಡರೆ ಯಾವ ದಿನ ಎಷ್ಟು ಎಲೆ, ಎಷ್ಟು ಅನ್ನ ಬರುತ್ತದೆಂದು ಮೊದಲೇ ಗೊತ್ತಾಗುತ್ತದೆ. ದಿನಕ್ಕೆ 100 ಕಿಲೋ ದಾಟುವವರು ಬೃಹತ್ ಉತ್ಪಾದಕರು, ಅವರ ಪಟ್ಟಿ ಡಿಪಿಆರ್‌ಗೆ ಲಗತ್ತಾಗಲಿ. ಎಲೆಗೆ ಬಡಿಸದೆ ಉಳಿದ ಅಡುಗೆ, ಕಸವೇ ಅಲ್ಲ, ಅದು ಊಟ. ಹೆಚ್ಚುವರಿ ಆಹಾರ ಹಂಚಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2019ರ ನಿಯಮಾವಳಿ ಇದೆ. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ ಇಡುವ ಮುಚ್ಚಿದ ಪಾತ್ರೆ, ತಯಾರಾದ ಹೊತ್ತು ಬರೆದ ಚೀಟಿ, ಕೊಂಡೊಯ್ಯುವ ಒಂದು ಗಾಡಿ ಇಷ್ಟಿದ್ದರೆ ನಡೆಯುತ್ತದೆ. ಮೊಸರನ್ನ, ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತವೆ, ಅವನ್ನು ತೆಗೆದುಕೊಳ್ಳಬೇಡಿ.

ಲೆಕ್ಕ ಶಾಖೆ · 13 ಆಗಸ್ಟ್

ನಿರ್ವಹಣೆಯ ಹಾಳೆಗೆ ಒಂದು ಮಾದರಿ ಕೊಡುತ್ತೇನೆ, ನಿಮ್ಮ ದರ ಹಾಕಿ ತಿದ್ದಿಕೊಳ್ಳಿ. ಕಾಂಪೋಸ್ಟ್ ಅಂಗಳಕ್ಕೆ 14 ಜನ, ದಿನಕ್ಕೆ 700 ರೂ. ಎಂದರೆ ತಿಂಗಳಿಗೆ 2.94 ಲಕ್ಷ. ಲೋಡರಿಗೆ ದಿನಕ್ಕೆ 25 ಲೀಟರ್ ಡೀಸೆಲ್, ಲೀಟರಿಗೆ 90ರಂತೆ 67,500. ವಿದ್ಯುತ್ 45,000 ಇರಲಿ. ಇಲ್ಲಿಗೇ 4 ಲಕ್ಷ ದಾಟಿತು, ರಿಪೇರಿ ಇನ್ನೂ ಸೇರಿಲ್ಲ. 10 ಟನ್ ಹಸಿಕಸಕ್ಕೆ ಗೊಬ್ಬರ ಸಿಗುವುದು ಹೆಚ್ಚೆಂದರೆ 2 ಟನ್. ಟನ್ನಿಗೆ 2,500 ರೂ. ಬಂದರೂ ತಿಂಗಳಿಗೆ ಒಂದೂವರೆ ಲಕ್ಷ. ಉಳಿದದ್ದು ಆಸ್ತಿ ತೆರಿಗೆಯ ಜೊತೆಗಿನ ಘನತ್ಯಾಜ್ಯ ಕರದಿಂದ, ಬೃಹತ್ ಉತ್ಪಾದಕರ ಶುಲ್ಕದಿಂದ ಬರಬೇಕು. ಆ ಕೊರತೆಯನ್ನು ಮುಚ್ಚಿಡದೆ ತೋರಿಸಿ, ಅದನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸುತ್ತೇವೆಂದು ಕೌನ್ಸಿಲ್ ನಿರ್ಣಯ ಮಾಡಿಸಿ. ನಗರ ಗೊಬ್ಬರಕ್ಕೆ 2016ರಲ್ಲಿ ಘೋಷಿಸಿದ್ದ ಟನ್ನಿಗೆ 1,500 ರೂ. ಸಹಾಯಧನವನ್ನು ಆದಾಯಕ್ಕೆ ಹಾಕಲೇಬೇಡಿ.

ಗೊಬ್ಬರದ ಅಂಗಳ · 13 ಆಗಸ್ಟ್

ಆ ಬೆಲೆ ಸಿಗಬೇಕಾದರೂ ಗೊಬ್ಬರ ನಿಯಂತ್ರಣ ಆದೇಶದ ಅಳತೆಗೆ ಬರಬೇಕು: ತೇವ ಶೇ. 15–25, ಸಾವಯವ ಇಂಗಾಲ ಕನಿಷ್ಠ 12, ಸಾರಜನಕ 0.8, ರಂಜಕ, ಪೊಟ್ಯಾಷ್ ತಲಾ 0.4, ಪಿಎಚ್ 6.5–7.5, ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಸೀಸ ಕಿಲೋಗೆ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮೀರಬಾರದು. ಬೆರೆತ ಕಸದ ಗೊಬ್ಬರ ಎಡವುವುದು ಸೀಸದಲ್ಲಿ. ಒಮ್ಮೆ ಬೆರೆತ ಮೇಲೆ ಜರಡಿ ಅದನ್ನು ತೆಗೆಯದು. ಕರಡಿನಲ್ಲಿ 35 ಮತ್ತು 16 ಮಿ.ಮೀ. ಜರಡಿ ಮಾತ್ರ ಇದ್ದರೆ 4 ಮಿ.ಮೀ. ಸೇರಿಸಿ. ಮಳೆಗಾಲದಲ್ಲಿ ಗೊಬ್ಬರ ಒದ್ದೆಯಿದ್ದಾಗ ಅದರ ಕಣ್ಣು ಕಟ್ಟಿಕೊಳ್ಳುತ್ತದೆ, ಆದ್ದರಿಂದ ಒಣಗಿಸಲು ಮುಚ್ಚಿದ ಜಾಗವೂ ಬೇಕು.

ಪರಿಸರ ವಿಭಾಗ · 16 ಆಗಸ್ಟ್

ಎಲ್ಲರಿಗೂ ಧನ್ಯವಾದ. ಕರಡು ಹೀಗೆ ತಿದ್ದುತ್ತಿದ್ದೇವೆ: 10 ಟನ್ ಕಾಂಪೋಸ್ಟ್, 1,400 ಚದರ ಮೀಟರ್ ಚಾವಣಿ ಅಂಗಳ, ಮೇಜು ಮತ್ತು ಬೇಲರ್, ಎಸ್ಕಾಂ ಅಂದಾಜು, ವೇಬ್ರಿಡ್ಜ್. ಕನ್ವೇಯರ್ ತೆಗೆದಿದ್ದೇವೆ. ಗ್ಯಾಸ್ ಕೊಳ್ಳುವವರು ಸಿಗುವ ತನಕ ಬಯೋಗ್ಯಾಸ್ ಬೇಡ ಎಂದುಕೊಂಡಿದ್ದೇವೆ. ತೂಕ 19ರ ಸೋಮವಾರದಿಂದ. ಹಬ್ಬದ ಗರಿಷ್ಠ ದಿನ 10 ಟನ್ ಮೀರಿದರೆ ಅಂಗಳ ದೊಡ್ಡದು ಮಾಡಬೇಕೆ?

ತೂಕದ ಚೀಟಿ · 16 ಆಗಸ್ಟ್

ಬೇಡ. ಹಬ್ಬದ ಹೆಚ್ಚುವರಿಗೆ ಚಾವಣಿಯ ಅಂಚಿನಲ್ಲಿ ಮೂರು ದಿನದ ರಾಶಿ ಹಿಡಿಸುವ 120 ಚದರ ಮೀಟರ್ ಕಾಂಕ್ರೀಟ್ ನೆಲ ಸಾಕು, ಟಾರ್ಪಾಲಿನ್ ಮುಚ್ಚಬಹುದು. ಅದರ ಚರಂಡಿ ಅದೇ ತೊಟ್ಟಿಗೆ ಸೇರಲಿ. ದಿನಕ್ಕೆ 5 ಟನ್ ಮೀರುವ ಘಟಕವಾದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರಕ್ಕೆ 2016ರ ನಿಯಮಗಳ ನಮೂನೆ 1ರಲ್ಲಿ ಈಗಲೇ ಅರ್ಜಿ ಹಾಕಿ, ಸ್ವೀಕೃತಿಯ ಪ್ರತಿಯನ್ನು ಪಹಣಿ, ಸರ್ವೆ ನಕ್ಷೆಯ ಜೊತೆ ಲಗತ್ತಿಸಿ. 19ರಿಂದ ತೂಗುವಾಗ ಚೀಟಿಯ ಮೇಲೆ ಗಾಡಿ ಸಂಖ್ಯೆಯ ಪಕ್ಕ ವಾರ್ಡ್ ಸಂಖ್ಯೆಯನ್ನೂ ಬರೆಸಿ. ಯಾವ ವಾರ್ಡಿನಲ್ಲಿ ಬೇರ್ಪಡಿಸುವುದು ಹಿಂದೆ ಬಿದ್ದಿದೆ ಎಂದು ಆಮೇಲೆ ಅದರಿಂದಲೇ ತಿಳಿಯುತ್ತದೆ.

ಲೆಕ್ಕ ಶಾಖೆ · 17 ಆಗಸ್ಟ್

ಕೆಲಸವನ್ನು ಅಂಗಳ–ಚಾವಣಿ, ಯಂತ್ರ, ವಿದ್ಯುತ್ ಎಂದು ಮೂರು ಟೆಂಡರ್ ಮಾಡುವುದಾದರೆ ಯಂತ್ರದ್ದನ್ನು ಚಾವಣಿ ಮುಗಿಯುವ ಹೊತ್ತಿಗೆ ಕರೆಯಿರಿ. ಇಲ್ಲದಿದ್ದರೆ ವಾರಂಟಿ ಅವಧಿ ಗೋದಾಮಿನಲ್ಲೇ ಮುಗಿದುಹೋಗುತ್ತದೆ. ಮುಂದಿನ ಕಂತು ಬರುವುದು ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರದ ಮೇಲೆ. ಬಿಲ್ಲು, ಅಳತೆ ಪುಸ್ತಕದ ಪುಟ ಸಂಖ್ಯೆ, ಸ್ಥಳದ ಫೋಟೊ ಮೂರನ್ನೂ ಮೊದಲ ಪಾವತಿಯಿಂದಲೇ ಒಂದು ಕಡತದಲ್ಲಿ ಜೋಡಿಸುತ್ತ ಬನ್ನಿ.